ಇನ್ನೂರ ಹದಿನಾಲ್ಕನೇ ಪೆಟ್ಟಿಗೆ

ಊರಿಗೆ ಹೊರಟವರು ಪೆಟ್ಟಿಗೆ ತುಂಬುತ್ತಾರೆ. ಎಲ್ಲಿಗೂ ಹೊರಡದೆ ದಿನಕ್ಕೆ ಏಳೆಂಟು ಪೆಟ್ಟಿಗೆ ತುಂಬುವ ಹೆಂಗಸು ಈ ಲೋಕದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಪೆಟ್ಟಿಗೆಯಮ್ಮ. ಅದೇ ಆಕೆಯ ನೌಕರಿ. ಆ ಹುದ್ದೆಗೆ ಕಾಗದದ ಮೇಲೆ ಒಂದೂವರೆ ಸಾಲಿನ ಹೆಸರಿದೆ. ಅದನ್ನು ಉಸಿರು ಬಿಗಿಹಿಡಿದು ಹೇಳುವ ಕಷ್ಟ ಯಾರಿಗೆ ಬೇಕೆಂದು ಪರೀಕ್ಷಾ ಕೇಂದ್ರದಲ್ಲಿ ಎಲ್ಲರೂ ಆಕೆಯನ್ನು ಪೆಟ್ಟಿಗೆಯಮ್ಮ ಎಂದೇ ಕರೆಯುತ್ತಿದ್ದರು. ಐವತ್ತನಾಲ್ಕು ವರ್ಷ, ದಪ್ಪ ಕನ್ನಡಕ, ಕಡಿಮೆ ಮಾತು.

ವಿಮಾನ ನಿಲ್ದಾಣದಲ್ಲಿ ನಾವೆಲ್ಲ ಬೆಲ್ಟು, ಬೂಟು, ಅರ್ಧ ಮರ್ಯಾದೆ ಕಳಚಿ ತಟ್ಟೆಯಲ್ಲಿಟ್ಟು, ಕೈಪೆಟ್ಟಿಗೆಯನ್ನು ಒಂದು ಯಂತ್ರದ ಬಾಯಿಗೆ ಒಪ್ಪಿಸಿ, ಆಚೆ ಬದಿಗೆ ಹೋಗಿ ಏನೂ ತಪ್ಪು ಮಾಡದೆಯೇ ಕಳ್ಳರ ಹಾಗೆ ನಿಲ್ಲುತ್ತೇವಲ್ಲ, ಆ ಯಂತ್ರಕ್ಕೆ ನಿಜಕ್ಕೂ ಕಣ್ಣು ಕಾಣುತ್ತದೆಯೇ ಎಂದು ಯಾರಾದರೂ ನೋಡಬೇಕು ತಾನೇ? ನೋಡುವ ಜಾಗ ಈ ಕೇಂದ್ರ. ಯಾವ ಕಂಪನಿಯ ಹೊಸ ಯಂತ್ರವೇ ಆಗಲಿ, ಮೊದಲು ಇಲ್ಲಿ ಪರೀಕ್ಷೆಗೆ ಕೂರಬೇಕು. ಇನ್ನೂರ ನಲವತ್ತು ಪೆಟ್ಟಿಗೆಗಳನ್ನು ಅದರೊಳಗೆ ಹಾಯಿಸುತ್ತಾರೆ. ಅವುಗಳಲ್ಲಿ ನೂರು ಪೆಟ್ಟಿಗೆಗಳ ಒಳಗೆ ‘ಹಿಟ್ಟು’ ಇರುತ್ತದೆ. ಹಿಟ್ಟು ಎಂದರೆ ಸಿಡಿಮದ್ದಲ್ಲ. ಯಂತ್ರದ ಕಣ್ಣಿಗೆ ಸಿಡಿಮದ್ದಿನಂತೆ ಕಾಣುವ, ನಾಯಿ ನೆಕ್ಕಿದರೂ ಏನೂ ಆಗದ ಒಂದು ಕಲಬೆರಕೆ. ಅದನ್ನು ಕಲಸಿ, ಪೆಟ್ಟಿಗೆಗಳಲ್ಲಿ ಅಡಗಿಸುವ ನೌಕರನನ್ನು ಹಿಟ್ಟಪ್ಪ ಎನ್ನುತ್ತಿದ್ದರು. ಆತನ ಮನೆಯಲ್ಲಿ ಹೆಂಡತಿಗೂ ಬಹುಶಃ ಅವನ ನಿಜವಾದ ಹೆಸರು ಮರೆತಿತ್ತು.

ಹಿಟ್ಟಿದ್ದ ಪೆಟ್ಟಿಗೆಯನ್ನು ಕಂಡ ಕೂಡಲೇ ಯಂತ್ರ ಕೂಗಬೇಕು. ಹಿಟ್ಟಿಲ್ಲದ್ದನ್ನು ಕಂಡು ಸುಮ್ಮನೆ ಕೂಗಬಾರದು. ಸುಮ್ಮಸುಮ್ಮನೆ ಕೂಗುವ ಯಂತ್ರವನ್ನು ಯಾವ ನಿಲ್ದಾಣವೂ ಇಟ್ಟುಕೊಳ್ಳುವುದಿಲ್ಲ, ಸಾಲು ಬೀದಿಗೆ ಬರುತ್ತದೆ. ಹಾಗೆಂದು ಬಾಯಿ ಮುಚ್ಚಿಕೊಂಡಿರುವ ಯಂತ್ರವೂ ಬೇಡ. ನೂರು ಹಿಟ್ಟಿನಲ್ಲಿ ನಾಲ್ಕನ್ನು ಬಿಟ್ಟರೆ ಕ್ಷಮೆ ಇದೆ, ಐದು ಬಿಟ್ಟರೆ ಯಂತ್ರ ಗಂಟುಮೂಟೆ ಕಟ್ಟಿಕೊಂಡು ಕಾರ್ಖಾನೆಗೆ ವಾಪಸು. ನಿಯಮ ಅಷ್ಟೇ.

ಪೆಟ್ಟಿಗೆಯಮ್ಮನ ಕೆಲಸ ಹಿಟ್ಟಿಗಿಂತ ಮೊದಲಿನದು. ಪೆಟ್ಟಿಗೆ ನಿಜವಾದ ಪ್ರಯಾಣಿಕರ ಪೆಟ್ಟಿಗೆಯಂತೆಯೇ ಇರಬೇಕು. ಯಾರೂ ವಾಪಸು ಕೇಳದ ಸಾಮಾನು ನಿಲ್ದಾಣದಿಂದ ಗೋಣಿಗಳಲ್ಲಿ ಬರುತ್ತಿತ್ತು. ಆಕೆ ಅದನ್ನೆಲ್ಲ ಒಗೆದು, ಮಡಚಿ, ಗೋದಾಮಿನ ಕಪಾಟುಗಳಲ್ಲಿ ಜೋಡಿಸಿ, ಅದರಿಂದ ಮನುಷ್ಯರನ್ನು ಮಾಡುತ್ತಿದ್ದಳು. ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿಯ ಪೆಟ್ಟಿಗೆಯಲ್ಲಿ ಅಜ್ಜಿಯದು ಎರಡೇ ಬಟ್ಟೆ, ಉಳಿದದ್ದೆಲ್ಲ ಮಗುವಿನ ಸ್ವೆಟರು, ಅದೂ ಒಂದು ವರ್ಷ ದೊಡ್ಡ ಅಳತೆಯದು. ಗಂಡನ ಜೊತೆ ಜಗಳವಾಡಿ ತವರಿಗೆ ಹೊರಟವಳ ಪೆಟ್ಟಿಗೆಯಲ್ಲಿ ಇಸ್ತ್ರಿಪೆಟ್ಟಿಗೆ ಇರುತ್ತದೆ, ಗೋಡೆ ಗಡಿಯಾರ ಇರುತ್ತದೆ, ಒಳಉಡುಪು ಇರುವುದಿಲ್ಲ. ಹೊಸದಾಗಿ ಮದುವೆಯಾದವರಿಗೆ ಇಬ್ಬರಿಗೂ ಸೇರಿ ಒಂದೇ ಪೆಟ್ಟಿಗೆ, ಅವನ ಬೂಟಿನೊಳಗೆ ಅವಳ ಬಳೆ. ಹತ್ತು ವರ್ಷ ಕಳೆದ ಮೇಲೆ ಅದೇ ಗಂಡಹೆಂಡಿರಿಗೆ ಎರಡು ಪೆಟ್ಟಿಗೆ.

ಒಂದೊಂದು ಪೆಟ್ಟಿಗೆಗೂ ಒಂದು ಕಾರ್ಡು. ಯಾರು, ಎಲ್ಲಿಗೆ, ಎಷ್ಟು ದಿನ, ಪೆಟ್ಟಿಗೆ ತುಂಬಿದವರು ಯಾರು, ಅವಸರದಲ್ಲಿ ತುಂಬಿದ್ದೋ ಸಾವಕಾಶವಾಗಿಯೋ, ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದಳು. ಮಾತಿನಲ್ಲಿ ಕಂಜೂಸಿಯಾದ ಹೆಂಗಸು ಕಾರ್ಡಿನಲ್ಲಿ ಮಾತ್ರ ಧಾರಾಳಿ. ಮೊಮ್ಮಗುವಿಗೆ ಎಷ್ಟು ತಿಂಗಳು, ಜಗಳ ಯಾವುದರ ಮೇಲೆ ಶುರುವಾಯಿತು ಎನ್ನುವುದೂ ಅಲ್ಲಿರುತ್ತಿತ್ತು. ಯಂತ್ರಕ್ಕೆ ಅದು ಬೇಕಿರಲಿಲ್ಲ. ಬೇಕಿದ್ದದ್ದು ಆಕೆಗೆ. ಮನೆಗಿಂತ ಗೋದಾಮಿನಲ್ಲೇ ಆಕೆಗೆ ಜನ ಹೆಚ್ಚು.

ಈ ಸಲ ಪರೀಕ್ಷೆಗೆ ಬಂದದ್ದು ಬಹಳ ಹೆಸರಾದ ಮಾದರಿ. ಅದರ ಹಿಂದಿನ ಮಾದರಿ ಪುಸ್ತಕ ಕಂಡರೆ ಸಾಕು, ಮನೆಗೆ ಬೆಂಕಿ ಬಿದ್ದವರ ಹಾಗೆ ಕೂಗುತ್ತಿತ್ತಂತೆ. ಓದುವ ಮಕ್ಕಳು, ವಕೀಲರು ಎಲ್ಲರೂ ದಿನಾ ಪೆಟ್ಟಿಗೆ ಬಿಚ್ಚಿ ತೋರಿಸಿ ಸುಸ್ತಾಗಿದ್ದರು. ಹಾಗಾಗಿ ಕಂಪನಿಯವರು ಹೊಸದಕ್ಕೆ ಕಾಗದದ ವಿಷಯದಲ್ಲಿ ತಾಳ್ಮೆ ಕಲಿಸಿದ್ದರು. ಕಲಿಸಿದ್ದು ಸ್ವಲ್ಪ ಜಾಸ್ತಿಯೇ ಆಗಿತ್ತು. ಐದನೆಯ ದಿನ ಇನ್ನೂರ ಹದಿನಾಲ್ಕನೇ ಪೆಟ್ಟಿಗೆ ಯಂತ್ರದೊಳಗೆ ಹೋಯಿತು. ಅದರಲ್ಲಿ ಬಟ್ಟೆಗಿಂತ ಹೆಚ್ಚು ಕಾಗದ. ಹಿಟ್ಟಪ್ಪ ಅಡಗಿಸಿದ್ದ ಹಿಟ್ಟನ್ನೂ ಯಂತ್ರ ಕಾಗದವೆಂದೇ ಬಗೆದು, ತುಟಿ ಪಿಟಕ್ಕೆನ್ನದೆ ಆಚೆ ಕಳಿಸಿತು. ಅದಕ್ಕೂ ಮುಂಚೆ ನಾಲ್ಕನ್ನು ಬಿಟ್ಟಾಗಿತ್ತು. ಇದು ಐದನೆಯದು. ಆಮೇಲಿನ ಪೆಟ್ಟಿಗೆಗಳಲ್ಲಿ ಹಿಟ್ಟು ಒಂದನ್ನೂ ಬಿಡಲಿಲ್ಲ.

ಕಂಪನಿಯ ಎಂಜಿನಿಯರ್ ಮುಖ ಹುಳ್ಳಗೆ ಮಾಡಿಕೊಂಡ. ಮೂವತ್ತೈದರ ಆಸುಪಾಸಿನ ಹುಡುಗ, ಒಳ್ಳೆಯ ಹುಡುಗನೇ, ಆದರೆ ನಾಲ್ಕು ವರ್ಷದ ದುಡಿಮೆ ಒಂದು ಪೆಟ್ಟಿಗೆಯ ಮೇಲೆ ನಿಂತಿದ್ದರೆ ಯಾರಿಗಾದರೂ ಒಳ್ಳೆಯತನ ಕೈಕೊಡುತ್ತದೆ. ನಿಯಮದ ಪುಸ್ತಕ ತೆಗೆದು, ಪರೀಕ್ಷೆಯ ಪೆಟ್ಟಿಗೆ ನಿಜವಾದ ಪ್ರಯಾಣಿಕರ ಪೆಟ್ಟಿಗೆಯನ್ನು ಹೋಲದಿದ್ದರೆ ಅದನ್ನು ಲೆಕ್ಕದಿಂದ ತೆಗೆಯಬಹುದು ಎಂಬ ಕಲಮಿನ ಮೇಲೆ ಬೆರಳಿಟ್ಟ. ಅಂದು ಮಧ್ಯಾಹ್ನವೇ ಒಂದು ಹಾಳೆ ಆಕ್ಷೇಪಣೆ ಬರೆದು ಕೊಟ್ಟ. ಕೇಂದ್ರದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ದೊಡ್ಡವರು, ಪೆಟ್ಟಿಗೆಯಮ್ಮನನ್ನೂ ಹಿಟ್ಟಪ್ಪನನ್ನೂ ತಮ್ಮ ಕೋಣೆಗೆ ಕರೆಸಿದರು.

“ಸರ್, ನೀವೇ ನೋಡಿ,” ಎಂದ ಎಂಜಿನಿಯರ್. ಇನ್ನೂರ ಹದಿನಾಲ್ಕು ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. “ಐದು ದಿನದ ಪ್ರಯಾಣ ಅಂತೆ. ಮೂರು ಜೊತೆ ಬಟ್ಟೆ, ಒಂದು ಟವೆಲು. ಉಳಿದದ್ದು ಆರು ಕೆಜಿ ಕಾಗದ. ಕಚೇರಿ ಕಾಗದ ಅಂದ್ರೆ ಒಪ್ಪಬಹುದು. ಇದು ಮನೆ ಕಾಗದ. ಹಕ್ಕುಪತ್ರ, ಶಾಲೆ ಸರ್ಟಿಫಿಕೇಟು, ಫ್ರಿಜ್ಜಿನ ಗ್ಯಾರಂಟಿ ಕಾರ್ಡು. ಫ್ರಿಜ್ಜಿನ ಗ್ಯಾರಂಟಿ ಕಾರ್ಡನ್ನ ವಿಮಾನದಲ್ಲಿ ಹೊತ್ಕೊಂಡು ಹೋಗೋರು ಯಾರಿದ್ದಾರೆ ಸರ್?”

ಹಿಟ್ಟಪ್ಪ ಕಿಸಕ್ಕೆಂದ. ದೊಡ್ಡವರು ಅವನತ್ತ ನೋಡಿದ ಮೇಲೆ ಕೆಮ್ಮಿದ ಹಾಗೆ ನಟಿಸಿದ.

“ಇನ್ನೊಂದು ವಿಷಯ,” ಎಂಜಿನಿಯರ್ ಕಾರ್ಡು ಎತ್ತಿ ಹಿಡಿದ. “ಬೇರೆ ಎಲ್ಲ ಕಾರ್ಡಲ್ಲಿ ಮೇಡಂ ದೊಡ್ಡ ಪುರಾಣಾನೇ ಬರೆದಿದ್ದಾರೆ. ಓದೋಕೆ ಖುಷಿಯಾಗುತ್ತೆ. ಇದರಲ್ಲಿ ಎರಡೇ ಎರಡು ಮಾತು. ‘ಒಬ್ಬ ಪ್ರಯಾಣಿಕರು. ಐದು ದಿನ.’ ಯಾಕೆ ಅಂದ್ರೆ ಇಂಥೋರು ಇಲ್ಲ. ಇಲ್ಲದೋರ ಬಗ್ಗೆ ಏನು ಬರೀತಾರೆ? ಕಪಾಟಲ್ಲಿ ಕಾಗದ ಉಳಿದಿತ್ತು, ತುಂಬಿದ್ದಾರೆ.”

ದೊಡ್ಡವರು ಪೆಟ್ಟಿಗೆಯಮ್ಮನ ಕಡೆ ತಿರುಗಿದರು. ಹದಿನೆಂಟು ವರ್ಷದಲ್ಲಿ ಆಕೆಯ ಪೆಟ್ಟಿಗೆಯ ಬಗ್ಗೆ ಯಾರೂ ಒಂದು ಮಾತು ಎತ್ತಿರಲಿಲ್ಲ. “ಏನಮ್ಮಾ? ಇಂಥ ಪೆಟ್ಟಿಗೆ ಎಲ್ಲಾದ್ರೂ ನೋಡಿದ್ದೀರಾ, ಇಲ್ಲಾ ಸುಮ್ನೆ ಕಲ್ಪನೆನಾ?”

“ನೋಡಿದ್ದೀನಿ ಸರ್.”

“ಎಲ್ಲಿ? ಯಾರದು?”

ಆಕೆ ಪೆಟ್ಟಿಗೆಯ ಟವೆಲನ್ನು ಎತ್ತಿ ಮತ್ತೆ ಮಡಚತೊಡಗಿದಳು. ಅದನ್ನು ಕಂಡು ಎಂಜಿನಿಯರ್‌ಗೆ ಧೈರ್ಯ ಬಂತು. ದೊಡ್ಡವರು ಗಡಿಯಾರ ನೋಡಿ, “ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಫಲಿತಾಂಶಕ್ಕೆ ಸಹಿ ಹಾಕ್ಬೇಕು. ಅಷ್ಟರೊಳಗೆ ಇಂಥ ಪ್ರಯಾಣಿಕರು ಇದ್ದಾರೆ ಅಂತ ತೋರಿಸಿ. ಇಲ್ಲಾಂದ್ರೆ ಇನ್ನೂರ ಹದಿನಾಲ್ಕನ್ನ ಹೊಡೆದು ಹಾಕ್ತೀನಿ. ಆಗ ಬಿಟ್ಟದ್ದು ನಾಲ್ಕೇ, ಯಂತ್ರ ಪಾಸು,” ಎಂದರು.

ಸಂಜೆ ಬಸ್ಸಿನಲ್ಲಿ ಕೂತಾಗಲೂ ಆಕೆಗೆ ಅದೇ ಮಾತು. ಇಂಥೋರು ಇಲ್ಲ. ಯಂತ್ರ ಪಾಸಾದರೆ ಮುಂದಿನ ತಿಂಗಳು ನಿಲ್ದಾಣಗಳಲ್ಲೆಲ್ಲ ಅದೇ ಕೂರುತ್ತದೆ, ಆ ಒಂದು ತೂತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ. ಆ ಭಯ ಆಕೆಗೆ ಇತ್ತು, ಇರಬೇಕಾದದ್ದೇ. ಆದರೆ ಸುಳ್ಳು ಯಾಕೆ ಹೇಳಬೇಕು, ಆಕೆಯನ್ನು ಕಾಡಿದ್ದು ಬೇರೆ ಸಂಕಟ. ನಾಳೆ ಹತ್ತು ಗಂಟೆಗೆ ಒಂದು ಕಚೇರಿ, ಸಹಿ ಮತ್ತು ಮೊಹರಿನ ಸಮೇತ, ಇಂಥ ಮನುಷ್ಯರು ಲೋಕದಲ್ಲಿ ಇಲ್ಲ ಎಂದು ತೀರ್ಪು ಕೊಡಲಿತ್ತು.

ಮನೆ ಎರಡನೇ ಮಹಡಿಯಲ್ಲಿ, ಎರಡು ಕೋಣೆಯದು. ಆರು ವರ್ಷದ ಹಿಂದಿನವರೆಗೆ ಅಕ್ಕನೂ ಇದ್ದಳು. ಅಕ್ಕ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು, ಗಟ್ಟಿ ಗಂಟಲು, ಎದುರು ಮನೆಯವರಿಗೂ ಕೇಳುವಂತೆ ಬೈಯುತ್ತಿದ್ದಳು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಕ್ಕ, “ಇವಳನ್ನ ಯಾರ ತಲೆಗೆ ಕಟ್ಟೋದು ಅಂತ ಹುಡುಕ್ತಾ ಹುಡುಕ್ತಾ ನನಗೇ ವಯಸ್ಸಾಗೋಯ್ತು,” ಎನ್ನುತ್ತಿದ್ದಳು. ವರ್ಷಕ್ಕೆ ಐದು ದಿನ ಪೆಟ್ಟಿಗೆಯಮ್ಮ ವಿಮಾನದಲ್ಲಿ ಸಮುದ್ರದ ಹತ್ತಿರದ ಒಂದು ಊರಿಗೆ ಹೋಗಿ ಬರುತ್ತಿದ್ದಳು. ಅಕ್ಕನಿಗೆ ಸಮುದ್ರ ಕಂಡರೆ ತಲೆಸುತ್ತು, ಅವಳು ಮನೆಯಲ್ಲೇ ಇರುತ್ತಿದ್ದಳು. ಆಗ ತಂಗಿಯ ಪೆಟ್ಟಿಗೆಯನ್ನು ಕಿರುಬೆರಳಲ್ಲಿ ಎತ್ತಬಹುದಿತ್ತು.

ಅಕ್ಕ ತೀರಿಹೋದ ವರ್ಷವೂ ರಜೆ ಬಂತು. ಬಾಗಿಲಿಗೆ ಬೀಗ ಹಾಕಿ, ಮೆಟ್ಟಿಲಿಳಿದು, ವಿಮಾನ ನಿಲ್ದಾಣದ ಬಸ್ಸು ಸಿಗುವಲ್ಲಿಯವರೆಗೂ ಹೋದವಳು ಅಲ್ಲಿ ಇದ್ದಕ್ಕಿದ್ದಂತೆ ನಿಂತುಬಿಟ್ಟಳು. ಮನೆಯ ಹಕ್ಕುಪತ್ರ ಎಲ್ಲಿದೆಯೆಂದು ಈಗ ತನ್ನನ್ನು ಬಿಟ್ಟು ಇನ್ನೊಂದು ಜೀವಕ್ಕೆ ಗೊತ್ತಿಲ್ಲ. ಅಕ್ಕನ ಮರಣಪತ್ರ ಯಾವ ಡಬ್ಬಿಯಲ್ಲಿದೆ, ಅಪ್ಪ ಅಮ್ಮನ ಮದುವೆಯ ಒಂದೇ ಒಂದು ಫೋಟೋ ಯಾವ ಪುಸ್ತಕದಲ್ಲಿದೆ, ಯಾರಿಗೂ ಗೊತ್ತಿಲ್ಲ. ತಾನು ದಾರಿಯಲ್ಲಿ ಸತ್ತರೆ ಯಾರೋ ಬಂದು ಎಲ್ಲವನ್ನೂ ಗೋಣಿಗೆ ತುಂಬಿ ಆಚೆ ಹಾಕುತ್ತಾರೆ. ಗೊತ್ತಿರುವವಳು ತಾನೊಬ್ಬಳೇ ಆದ ಮೇಲೆ, ಕಾಗದಗಳೂ ತನ್ನ ಜೊತೆಯಲ್ಲೇ ಇರಲಿ. ವಾಪಸು ಬಂದು, ಮನೆಯ ಕಾಗದವನ್ನೆಲ್ಲ ಪೆಟ್ಟಿಗೆಗೆ ತುಂಬಿದಳು. ಅವಸರದಲ್ಲಿ ಫ್ರಿಜ್ಜಿನ ಗ್ಯಾರಂಟಿ ಕಾರ್ಡೂ ಸೇರಿಹೋಯಿತು. ಫ್ರಿಜ್ಜು ಕೊಂಡ ದಿನ ಅಕ್ಕ ಆ ಕಾರ್ಡಿನ ಹಿಂದೆ ‘ಐಸ್ ಜಾಸ್ತಿ ಇಡಬೇಡ’ ಎಂದು ಬರೆದಿದ್ದಳು. ಅಂದಿನಿಂದ ಪ್ರತಿ ವರ್ಷ ಹಾಗೇ.

ಇನ್ನೂರ ಹದಿನಾಲ್ಕನ್ನು ತುಂಬಿದ್ದು ಒಂದು ಮಧ್ಯಾಹ್ನ. ಅಜ್ಜಿಯರು, ಮದುಮಕ್ಕಳು, ಜಗಳಗಂಟಿಯರು ಎಲ್ಲ ಮುಗಿದಿದ್ದರು, ತಲೆ ಖಾಲಿಯಾಗಿತ್ತು. ಕೈ ತನ್ನ ಪಾಡಿಗೆ ತಾನು, ರದ್ದಿ ಅಂಗಡಿಯಿಂದ ತರಿಸಿದ್ದ ಹಳೆಯ ಕಾಗದವನ್ನು ತುಂಬುತ್ತಾ ಹೋಯಿತು. ಮುಚ್ಚಳ ಹಾಕುವಾಗ ನೋಡಿದರೆ ತನ್ನದೇ ಪೆಟ್ಟಿಗೆ. ಪರರ ವಿಷಯವಾದರೆ ಪುಟಗಟ್ಟಲೆ ಬರೆಯುವ ಆಕೆಗೆ ಕಾರ್ಡಿನ ಮೇಲೆ ಬರೆಯಲು ಎರಡು ಮಾತಿಗಿಂತ ಹೆಚ್ಚು ಸಿಗಲಿಲ್ಲ.

ಬಸ್ಸಿಳಿದು ಮನೆಗೆ ಬಂದವಳು ಮಂಚದ ಕೆಳಗಿಂದ ತನ್ನ ಪೆಟ್ಟಿಗೆಯನ್ನು ಎಳೆದು ನೋಡಿದಳು. ಹೋದ ತಿಂಗಳಷ್ಟೇ ಹೋಗಿಬಂದದ್ದು, ಬಟ್ಟೆ ಮಾತ್ರ ತೆಗೆದಿದ್ದಳು, ಕಾಗದ ಹಾಗೇ ಇತ್ತು. ಇದನ್ನು ಮೂರು ಜನ ಗಂಡಸರ ಮುಂದೆ ಬಿಚ್ಚುವುದೇ? ಬೇಡ ಎಂದು ಒಳಗೆ ತಳ್ಳಿದಳು. ಊಟ ಮಾಡಿ, ಪಾತ್ರೆ ತೊಳೆದು, ಮತ್ತೆ ಎಳೆದಳು. ನಾಚಿಕೆ ಒಂದು ಕಡೆ, ಸಿಟ್ಟು ಒಂದು ಕಡೆ. ಕೊನೆಗೆ ಸಿಟ್ಟು ಗೆದ್ದಿತು, ತೆಗೆದಿದ್ದ ಬಟ್ಟೆಯನ್ನು ಮತ್ತೆ ಇಟ್ಟಳು. ಬೆಳಿಗ್ಗೆ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು.

ಹತ್ತಕ್ಕೆ ಐದು ನಿಮಿಷವಿತ್ತು. ದೊಡ್ಡವರ ಕೋಣೆಗೂ ಗೋದಾಮಿಗೂ ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಈ ಬದಿ ದೊಡ್ಡವರು, ಎಂಜಿನಿಯರ್, ಹಿಟ್ಟಪ್ಪ, ಸಹಿಗೆ ಕಾದಿದ್ದ ಫಲಿತಾಂಶದ ಹಾಳೆ. ಪೆಟ್ಟಿಗೆಯಮ್ಮ ತಂದದ್ದನ್ನು ಇನ್ನೂರ ಹದಿನಾಲ್ಕರ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದಳು. ಒಂದನ್ನು ನೋಡಿ ಇನ್ನೊಂದನ್ನು ನೋಡಿದರೆ ಅವಳಿ ಮಕ್ಕಳು.

“ನಂದೇ ಸರ್,” ಎಂದಳು. “ಹೋದ ತಿಂಗಳು ಹೀಗೇ ತಗೊಂಡು ಹೋಗಿದ್ದೆ. ಅದರ ಹಿಂದಿನ ವರ್ಷಾನೂ.”

ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಹರಡಿದಳು. ಹಿಟ್ಟಪ್ಪ ಫ್ರಿಜ್ಜಿನ ಕಾರ್ಡನ್ನು ಕಂಡ. ಈ ಸಲ ನಗಲಿಲ್ಲ.

“ಮನೆಯಲ್ಲಿ ಇಡಬಹುದಲ್ಲಮ್ಮಾ ಇದನ್ನೆಲ್ಲ?” ದೊಡ್ಡವರು ಮೆಲ್ಲಗೆ ಕೇಳಿದರು.

“ಮನೆಯಲ್ಲಿ ಯಾರ ಹತ್ರ ಇಡ್ಲಿ ಸರ್?”

ಎಂಜಿನಿಯರ್ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಕೈಗೆ ಬಂದ ಯಂತ್ರ ಜಾರುತ್ತಿತ್ತು, ಅವನನ್ನು ಪೂರ್ತಿ ದೂರುವಂತಿಲ್ಲ. “ಮೇಡಂ, ತಪ್ಪು ತಿಳ್ಕೋಬೇಡಿ. ಪೆಟ್ಟಿಗೆ ತುಂಬೋದರಲ್ಲಿ ನಿಮ್ಮದು ಎತ್ತಿದ ಕೈ. ಅಜ್ಜಿ ಅಂದ್ರೆ ಅಜ್ಜಿ, ಮದುಮಗಳು ಅಂದ್ರೆ ಮದುಮಗಳು, ಯಾರನ್ನ ಬೇಕಾದ್ರೂ ಮಾಡ್ತೀರಿ. ಇದನ್ನ ನಿನ್ನೆ ಸಂಜೆ ತುಂಬಿದ್ದಲ್ಲ ಅಂತ ನಾನು ಹೇಗೆ ನಂಬ್ಲಿ? ನಿಮ್ಮ ಕಡೆಯೋರು ಯಾರಾದ್ರೂ ಹೌದು ಅಂತ ಒಂದು ಮಾತು ಹೇಳಿದ್ರೆ ಸಾಕು, ನಾನು ಬಾಯಿ ಮುಚ್ಕೋತೀನಿ.”

ಪೆಟ್ಟಿಗೆಯಮ್ಮ ಅವನನ್ನೇ ನೋಡಿದಳು. ತನ್ನ ಬದುಕನ್ನೇ ತಾನು ತುಂಬಿದ ಸುಳ್ಳು ಪೆಟ್ಟಿಗೆ ಎನ್ನುತ್ತಿದ್ದಾನೆ ಈ ಹುಡುಗ. ಇವನ ಮುಂದೆ ಮಾತ್ರ ಅಳಬಾರದು ಎಂದು ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಎಂಜಿನಿಯರ್‌ನ ಕಣ್ಣು ಮುಚ್ಚಳದ ಒಳಬದಿಗೆ ಹೋಯಿತು. ಅಲ್ಲಿನ ಪಾರದರ್ಶಕ ಜೇಬಿನಲ್ಲಿ ಒಂದು ಚೀಟಿ. ‘ನನಗೆ ಏನಾದರೂ ಆದರೆ ದಯವಿಟ್ಟು ಈ ಸಂಖ್ಯೆಗೆ ತಿಳಿಸಿ.’ ಕೆಳಗೆ ಅದೇ ಸಣ್ಣ ಅಕ್ಷರದಲ್ಲಿ ಫೋನ್ ನಂಬರು. ಶಾಯಿ ಹಳೆಯದು, ಮಡಿಕೆ ಹಳದಿಯಾಗಿತ್ತು. “ಇದೆಯಲ್ಲ,” ಎಂದ. “ಇವರನ್ನೇ ಕೇಳೋಣ.”

“ಅದು ಬೇಡ,” ಎಂದಳು ಪೆಟ್ಟಿಗೆಯಮ್ಮ.

ಬೇಡ ಎಂದದ್ದೇ ತಪ್ಪಾಯಿತು. ಅವನ ಅನುಮಾನ ಗಟ್ಟಿಯಾಯಿತು. ಮೊಬೈಲು ತೆಗೆದು ಚೀಟಿ ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದ, ಕಿವಿಗೆ ಹಿಡಿದ.

ಹಲಗೆಯ ಗೋಡೆಯಾಚೆ, ಗೋದಾಮಿನಲ್ಲಿ ಫೋನು ಬಡಿದುಕೊಂಡಿತು.

ಮೊದಲು ಯಾರಿಗೂ ಏನೂ ಅನ್ನಿಸಲಿಲ್ಲ. ಹಿಟ್ಟಪ್ಪ ಅಭ್ಯಾಸಬಲದಿಂದ, “ಅಮ್ಮೋರೆ, ನಿಮ್ಮ ಟೇಬಲ್ ಫೋನು,” ಎಂದು ಎದ್ದ. ಬಾಗಿಲವರೆಗೆ ಹೋದವನು ಎಂಜಿನಿಯರ್‌ನ ಕಿವಿಯಲ್ಲಿದ್ದ ಮೊಬೈಲನ್ನು ನೋಡಿ ಅಲ್ಲೇ ನಿಂತ.

“ಯಾರ ನಂಬರು ಬರೀಲಿ ಅಂತ ಗೊತ್ತಾಗ್ಲಿಲ್ಲ,” ಪೆಟ್ಟಿಗೆಯಮ್ಮ ಚೀಟಿಯನ್ನೇ ನೋಡುತ್ತಾ ಹೇಳಿದಳು. “ಖಾಲಿ ಬಿಡೋಕೂ ಮನಸ್ಸು ಬರ್ಲಿಲ್ಲ.”

ದೊಡ್ಡವರು ಕನ್ನಡಕ ತೆಗೆದರು. “ಅಲ್ಲಮ್ಮಾ, ನಿಮಗೇನಾದ್ರೂ ಆಗಿ, ಯಾರೋ ಈ ನಂಬರಿಗೆ ಮಾಡಿದ್ರು ಅನ್ನಿ. ಅಲ್ಲಿ ಫೋನ್ ಎತ್ತೋರು ಯಾರು?”

“ನಾನೇ ಸರ್.”

ಎಂಜಿನಿಯರ್‌ಗೆ ಕರೆ ಕಡಿಯಬೇಕೆಂಬುದೂ ತೋಚಲಿಲ್ಲ. ಗೋಡೆಯಾಚೆ ಫೋನು ಬಡಿದುಕೊಂಡು, ಬಡಿದುಕೊಂಡು, ತಾನಾಗಿಯೇ ನಿಂತಿತು. ಅವನು ಮೇಜಿನ ಮೇಲಿದ್ದ ತನ್ನ ಆಕ್ಷೇಪಣೆಯ ಹಾಳೆಯನ್ನು ಎಳೆದುಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. “ಇರ್ಲಿ ಸರ್, ಇನ್ನೂರ ಹದಿನಾಲ್ಕು ಇರ್ಲಿ,” ಎಂದ. ದೊಡ್ಡವರು ಬಿಟ್ಟದ್ದು ಐದು ಎಂದು ಬರೆದು ಸಹಿ ಹಾಕಿದರು.

ಪೆಟ್ಟಿಗೆಯಮ್ಮ ಗೆದ್ದಿದ್ದಳು. ಮೇಜಿನ ಮೇಲೆ ಹರಡಿದ್ದ ಕಾಗದಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದಳು. ಸಹಾಯ ಮಾಡಲು ಮೂವರಿಗೂ ಮನಸ್ಸಿತ್ತು, ಹಿಟ್ಟಪ್ಪ ಕೈಯನ್ನೂ ಚಾಚಿದ. ಆದರೆ ಯಾವ ಕಾಗದದ ಕೆಳಗೆ ಯಾವುದು ಹೋಗಬೇಕೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.